ಬೋರಲಿಂಗ ಅಪ್ಪನ ಫೋಟೋ ಪ್ರಿಂಟ್ ಹಾಕಿದ್ದು

ಇಂಥಾ ಊರು ಅಂತ ಹೆಸರು ಹಿಡಿದು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಅದಕ್ಕೇ ಊರ ಹೆಸರು ಬಿಟ್ಟು ಹೇಳುತ್ತೇನೆ, ಕೇಳಿ.

ಆ ಊರಲ್ಲಿ ಶಾಲೆ ಹಿಂದಿನ ಬೀದಿ. ಬೀದಿಯಲ್ಲೊಂದು ಹೆಂಚಿನ ಮನೆ. ಮನೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ನಿಂಗಾಜಮ್ಮ, ಮಗ ಬೋರಲಿಂಗ. ಆಳು ನೋಡಿದರೆ ಬಾಗಿಲಲ್ಲಿ ಬಗ್ಗಿಕೊಂಡೇ ಬರಬೇಕು, ಅಷ್ಟೆತ್ತರ. ಸೋಮಾರಿಯಲ್ಲ, ಸುಳ್ಳುಗಾರನಲ್ಲ. ಹೇಳಿದ ಮಾತು ಒಂದು ದಿನವೂ ಮೀರಿದವನಲ್ಲ. ಅದೇ ಬಂದಿದ್ದು ಕಷ್ಟ!

"ಬೋರಾ, ಹಾಲು ಉಕ್ಕೋದು ನೋಡ್ಕೊಳ್ಳಾ" ಅಂದರೆ, ಉಕ್ಕಿ ಸುರಿದು ಒಲೆ ಆರುವ ತನಕ ನೋಡಿಕೊಂಡು ನಿಂತಿರುತ್ತಿದ್ದ.

"ನೋಡ್ಕೊಂಡ್ಯೇನ್ಲಾ?"

"ಪೂರ್ತಿ ನೋಡ್ದೆ ಕಣವ್ವಾ. ಚೆನ್ನಾಗಿತ್ತು!"

ಇವನಿಗೆ ಹೇಗೆ ಹೇಳಬೇಕು ಅಂತ ತಿಳಿದಿದ್ದವನು ಒಬ್ಬನೇ, ಅಪ್ಪ ಚಿಕ್ಕಲಿಂಗಯ್ಯ. ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನ. "ಮಗಾ, ಹಾಲು ಮೇಲಕ್ಕೆ ಬಂದ ತಕ್ಷಣ ಒಲೆ ಆರಿಸು. ಬಟ್ಟೆ ಹಿಡ್ಕೊಂಡು ಪಾತ್ರೆ ಇಳಿಸು. ಆಮೇಲೆ ನನ್ನ ಕರಿ" ಅಂತ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದ. ಹಾಗೆ ಹೇಳಿದರೆ ಬೋರಲಿಂಗ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಆ ಪುಣ್ಯಾತ್ಮ ತೀರಿಕೊಂಡು ವರ್ಷವಾಗುತ್ತಾ ಬಂತು. ಬಿಡಿಸಿ ಹೇಳುವವರೇ ಇಲ್ಲದೆ ಬೋರಲಿಂಗನಿಗೆ ಲೋಕವೆಲ್ಲ ಗೋಜಲು. ನಿಂಗಾಜಮ್ಮನಿಗೆ ದಿನವೆಲ್ಲ ತಲೆ ಚಚ್ಚಿಕೊಳ್ಳುವುದೇ ಕೆಲಸ.

ಬರುವ ಭಾನುವಾರ ವರ್ಷದ ತಿಥಿ. ನೆಂಟರು ಬರುತ್ತಾರೆ, ಎಡೆ ಇಡಬೇಕು. ಎಡೆ ಇಡೋಕೆ ಒಂದು ಫೋಟೋ ಬೇಕಲ್ಲ? ಚಿಕ್ಕಲಿಂಗಯ್ಯನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಚಪ್ಪರದ ಹಿಂದಕ್ಕೆ ಜಾರಿಕೊಳ್ಳುತ್ತಿದ್ದ. ಇದ್ದಿದ್ದು ಒಂದೇ ಒಂದು ಫೋಟೋ, ಅದೂ ಬೋರಲಿಂಗನ ಮೊಬೈಲಿನಲ್ಲಿ.

ಮನೆಯಲ್ಲಿ ಪ್ರಿಂಟರ್ ಇತ್ತು. ನಿಂಗಾಜಮ್ಮನ ತಮ್ಮ ಬೆಟ್ಟಸ್ವಾಮಿ ಕೊಡಿಸಿದ್ದು. "ಅಕ್ಕಾ, ಇವ್ನು ಹೊರಗೆ ಹೋಗಿ ದುಡಿಯೋನಲ್ಲ. ಮನೇಲೇ ಕೂತ್ಕೊಂಡು ಜನಕ್ಕೆ ಫೋಟೋ ಪ್ರಿಂಟ್ ಹಾಕ್ಕೊಡ್ಲಿ. ಮೊಬೈಲಲ್ಲಿ ಹಿಂಗೆ ಒತ್ತೋದು, ಅಲ್ಲಿ ಹಂಗೆ ಬರೋದು. ಅಷ್ಟೇಯಾ!" ಅಂತ ಕಲಿಸಿಕೊಟ್ಟು ಹೋಗಿದ್ದ. ಅವತ್ತಿಂದ ಪ್ರಿಂಟರ್ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು.

ಸೋಮವಾರ ಬೆಳಿಗ್ಗೆ ನಿಂಗಾಜಮ್ಮ ಅಂದಳು, "ಮಗಾ, ಸ್ಟುಡಿಯೋ ಗೀಡಿಯೋ ಬ್ಯಾಡ. ಅಪ್ಪನ ಫೋಟೋನ ಮಗ ಅನ್ನಿಸ್ಕೊಂಡೋನು ನೀನೇ ಮಾಡು. ಇದೊಂದು ಮಾಡ್ಲಾ, ನನ್ನಪ್ಪಾ."

ಬೋರಲಿಂಗನಿಗೆ ಎದೆ ಉಬ್ಬಿತು. ಬಟ್ಟೆ ಸರಿಸಿದ. ಮನೆಲೆಕ್ಕದ ಪುಸ್ತಕದಿಂದ ಒಂದು ಹಾಳೆ ಕಿತ್ತು ಪ್ರಿಂಟರ್‌ಗೆ ಕೊಟ್ಟ. ಹಿಂಗೆ ಒತ್ತಿದ. ಹಂಗೆ ಬಂತು. ಬಂದದ್ದು ಚಿಕ್ಕಲಿಂಗಯ್ಯನೋ, ನೆನೆದ ಗೋಡೆಯೋ ತಿಳಿಯಲಿಲ್ಲ. ಹಾಳೆ ತೊಯ್ದು ತೊಪ್ಪೆಯಾಗಿತ್ತು, ಮುಖದ ಮೇಲೆ ಗೆರೆ ಎಳೆದಿತ್ತು.

ಎದುರುಮನೆಯಲ್ಲಿ ಪಂಕಜಾಕ್ಷಿ ಟೀಚರ್ ಇದ್ದರು. ಶಾಲೆಯಲ್ಲಿ ಮಕ್ಕಳ ಫೋಟೋ ಎಲ್ಲ ಪ್ರಿಂಟ್ ಹಾಕಿ ಪಳಗಿದ ಕೈ. ತಾಯಿ ಕರೆದಳು, ಬಂದು ನೋಡಿದರು.

"ಅಲ್ಲ ಬೋರಲಿಂಗಾ, ಮಾಮೂಲಿ ಹಾಳೇಲಿ ಫೋಟೋ ಬರತ್ತೇನೋ? ಇಂಕನ್ನೆಲ್ಲ ಹೀರ್ಕೊಂಡುಬಿಡತ್ತೆ. ಫೋಟೋ ಪೇಪರ್ ತಗೊಂಡು ಬಾ."

"ಫೋಟೋ ಪೇಪರ್" ಅಂದುಕೊಳ್ಳುತ್ತಾ ಹೊರಟ ಬೋರಲಿಂಗ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನೇತುಹಾಕಿದ್ದ ಪೇಪರ್‌ಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಎಣಿಸಿದ. ಒಂದರಲ್ಲಿ ಏಳು ಫೋಟೋ, ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಇಪ್ಪತ್ತೆರಡು! ಆ ಇಪ್ಪತ್ತೆರಡರ ಪೇಪರನ್ನೇ ತಂದ. ಅಳತೆಗೆ ಕತ್ತರಿಸಿ ಪ್ರಿಂಟರ್‌ಗೆ ಕೊಟ್ಟ. ಹಿಂಗೆ ಒತ್ತಿದ. ಹಂಗೆ ಬಂತು. ಯಾರೋ ಪೈಲ್ವಾನ ಲಂಗೋಟಿ ಕಟ್ಟಿ ತೊಡೆ ತಟ್ಟುತ್ತಿದ್ದಾನೆ, ಅವನ ಕತ್ತಿನ ಮೇಲೆ ಚಿಕ್ಕಲಿಂಗಯ್ಯನ ಮುಖ!

"ಅವ್ವಾ, ನೋಡು! ಅಪ್ಪ ಮೈ ಬಿಟ್ಟವ್ನೆ!"

"ಅಯ್ಯೋ ನನ್ ಹಣೇಬರವೇ! ಫೋಟೋ ಪೇಪರ್ ಅಂದ್ರೆ ಓದೋ ಪೇಪರೇನ್ಲಾ? ಹೊಳೀತಾ ಇರ್ತದೆ ಕಣ್ಲಾ ಆ ಹಾಳೆ! ಮೊದ್ಲು ಹೊಳೀತದಾ ಅಂತ ನೋಡ್ಬೇಕು. ಹೊಳೆದ್ರೆ ಮಾತ್ರ ತರ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತವ್ವಾ."

ಗೊತ್ತಾಗಿದ್ದು ಏನು ಅಂತ ತಾಯಿ ಕೇಳಲಿಲ್ಲ.

ಬೋರಲಿಂಗ ಮತ್ತೆ ಹೊರಟ. ಅಂಗಡಿ ಅಂಗಡಿಯಲ್ಲೂ ಕೇಳಿದ, "ಹೊಳೆಯೋ ಹಾಳೆ ಐತಾ?" ಒಬ್ಬ ತೋರಿಸಿದ. ಬೋರಲಿಂಗ, "ಇನ್ನೂ ಹೊಳೀಬೇಕು" ಅಂದ. ಇನ್ನೊಬ್ಬ ತೋರಿಸಿದ. "ಇನ್ನೂ ಹೊಳೀಬೇಕು!" ಕೊನೆಗೆ ಗಣಪತಿ ಮಂಟಪಕ್ಕೆ ಅಂಟಿಸುವ ಬೆಳ್ಳಿ ಹಾಳೆ ಸಿಕ್ಕಿತು. ಕನ್ನಡಿ ಹಾಗೆ ಫಳಫಳ! ತಂದು ಪ್ರಿಂಟರ್‌ಗೆ ಕೊಟ್ಟ. ಹಿಂಗೆ ಒತ್ತಿದ. ಹಂಗೆ ಬಂತು. ಇಂಕು ನಿಲ್ಲದೆ ಹನಿಹನಿಯಾಗಿ ಜಾರಿ ನೆಲಕ್ಕೆ ಹೋಯಿತು. ಬೋರಲಿಂಗ ಹಾಳೆ ಎತ್ತಿ ಮುಖದ ಹತ್ತಿರ ಹಿಡಿದು ನೋಡಿದ. ಕಣ್ಣು ಪಿಳಿಪಿಳಿ ಬಿಟ್ಟ. ಹಾಳೆಯಲ್ಲಿದ್ದವನೂ ಪಿಳಿಪಿಳಿ ಬಿಟ್ಟ.

"ಅವ್ವೋ! ಬಂತು! ಆದ್ರೆ ಅಪ್ಪ ನನ್ ಥರಾನೇ ಬಂದವ್ನೆ! ಬಾಯಿ ಬ್ಯಾರೆ ಆಡಿಸ್ತಾವ್ನೆ!"

ನಿಂಗಾಜಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಟೀಚರ್ ಇವನನ್ನು ಇನ್ನು ಅಂಗಡಿಗೆ ಕಳಿಸುವುದೇ ಬೇಡ ಅಂತ ತಮ್ಮ ಮನೆಯಿಂದಲೇ ಫೋಟೋ ಪೇಪರಿನ ಪೊಟ್ಟಣ ತಂದುಕೊಟ್ಟರು.

"ಹತ್ತು ಹಾಳೆ ಇದೆ, ಅಷ್ಟೇ. ನನ್ನ ಹತ್ರಾನೂ ಬೇರೆ ಇಲ್ಲ, ಈ ಊರಲ್ಲೂ ಸಿಗಲ್ಲ. ನುಣುಪು ಕಡೆ ನೋಡ್ಕೊಂಡು ಹಾಕು" ಅಂತ ಯಾವ ಮಗ್ಗುಲು ಅಂತ ತೋರಿಸಿ, ಪ್ರಿಂಟರ್‌ಗೂ ಫೋಟೋ ಪೇಪರ್ ಅಂತ ಮೊಬೈಲಿನಲ್ಲಿ ಹೇಳಿಟ್ಟು ಹೋದರು.

ಮಂಗಳವಾರ ಬೋರಲಿಂಗ ಮೊದಲನೇ ಹಾಳೆ ಹಾಕಿದ. ಒತ್ತಿದ. ಬಂತು! ನಿಜವಾಗಿಯೂ ಬಂತು! ಅಪ್ಪನ ಹಣೆ, ಅಪ್ಪನ ಮೀಸೆ, ಅಪ್ಪನ ನರೆತ ಹುಬ್ಬು. ಸ್ವಲ್ಪ ಮಸುಕು, ಆದರೂ ಅಪ್ಪನೇ. ಬೋರಲಿಂಗ ಹಾಳೆ ಎತ್ತಿಕೊಂಡ. ನೋಡುತ್ತಾನೆ, ಅಪ್ಪನ ಮುಖದ ಮೇಲೆಲ್ಲ ಪಸೆ! "ಅಯ್ಯೋ ಪಾಪ, ಮಿಷನ್ನಿನೊಳಗೆ ಸೆಖೆ, ಬೆವೆತುಹೋಗವ್ನೆ" ಅಂದುಕೊಂಡ. ಹೆಗಲ ಮೇಲಿನ ಟವಲ್ ತೆಗೆದು ಒರೆಸಿದ. ಮೀಸೆ ಕಿವಿಗೆ ಹೋಯಿತು. ಹುಬ್ಬು ಗದ್ದಕ್ಕೆ ಬಂತು.

ಟೀಚರ್ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಒದ್ದೆ ಇರೋದನ್ನ ಮುಟ್ಟಬಾರದು ಕಣೋ! ಎಷ್ಟೇ ಆಸೆ ಆದ್ರೂ ಮುಟ್ಟಬಾರದು! ಪೂರ್ತಿ ಒಣಗೋವರೆಗೂ ದೂರ ನಿಂತ್ಕೋ. ತಿಳೀತಾ?"

"ತಿಳೀತು ಮೇಡಮ್ಮಾರೇ."

ಅವತ್ತೇ ಸಾಯಂಕಾಲ ನಿಂಗಾಜಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲು ಪಾಚಿ ಕಟ್ಟಿತ್ತು. ಕಾಲು ಜಾರಿತು. ಬಕೆಟ್ ಉರುಳಿತು. ತಲೆಯಿಂದ ಕಾಲಿನವರೆಗೂ ನೀರು! "ಬೋರಾ! ಓಡಿ ಬಾರ್ಲಾ! ಕೈ ಕೊಡ್ಲಾ!" ಅಂತ ಕೂಗಿದಳು.

ಬೋರಲಿಂಗ ಓಡಿ ಬಂದ. ನೋಡಿದ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ.

"ಕೈ ಕೊಡೋ!"

"ಆಗಕಿಲ್ಲ ಕಣವ್ವಾ. ನೀನು ಒದ್ದೆ ಆಗಿದೀಯ."

"ಸೊಂಟ ಹಿಡ್ಕೊಂಡದೆ ಕಣ್ಲಾ!"

"ಮುಟ್ಟಿದ್ರೆ ನಿನ್ನ ಮೂಗು ಬಾಯಿ ಎಲ್ಲೆಲ್ಲೋ ಹೋಯ್ತದೆ! ಅಲುಗಾಡ್ಬ್ಯಾಡ, ಬಿಸ್ಲು ಐತೆ, ಒಣಗ್ತೀಯ!"

ಹಾಗೆ ಅಂದು ಅಲ್ಲೇ ಕೂತು ಕಾದ. ತಾಯಿ ತೆವಳಿಕೊಂಡು ತೆಂಗಿನ ಮರ ಹಿಡಿದು ಎದ್ದಳು. ಎದ್ದವಳು ಒಗೆಯುವ ಬಟ್ಟೆಯಿಂದಲೇ ಎರಡು ಬಾರಿಸಿದಳು.

"ಯಾರಾದ್ರೂ ಸಿಕ್ಕಾಕ್ಕೊಂಡು ಒದ್ದಾಡ್ತಿದ್ರೆ ನೋಡ್ತಾ ನಿಂತ್ಕೋತಾರೇನ್ಲಾ? ಹಿಡ್ಕೊಂಡು ಎಳೀಬೇಕು! ಜೋರಾಗಿ ಎಳೀಬೇಕು! ಗೊತ್ತಾಯ್ತಾ?"

"ಗೊತ್ತಾಯ್ತವ್ವಾ. ಜೋರಾಗಿ."

ಬುಧವಾರ ಎರಡನೇ ಹಾಳೆ. ಮೊದಲು ಅಪ್ಪನ ತಲೆ ಬಂತು. ಆಮೇಲೆ ಹಣೆ. ಆಮೇಲೆ ಪ್ರಿಂಟರ್ ನಿಂತು ಗೊರಗೊರ ಅಂದಿತು. ಮತ್ತೆ ಒಂದು ಚೂರು ಬಂತು. ಮತ್ತೆ ಗೊರಗೊರ. ಬೋರಲಿಂಗನಿಗೆ ಜೀವ ಬಾಯಿಗೆ ಬಂತು. ಅಪ್ಪ ಕಣ್ಣಿನವರೆಗೂ ಹೊರಗೆ, ಮಿಕ್ಕಿದ್ದು ಒಳಗೆ! ಸಿಕ್ಕಾಕ್ಕೊಂಡವ್ನೆ! ಅವ್ವ ಏನು ಹೇಳಿದ್ದಳು? ಜೋರಾಗಿ ಎಳೀಬೇಕು! ಕಾಲನ್ನು ಗೋಡೆಗೆ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಎಳೆದ. "ಬಾಪ್ಪಾ! ಬಾ!" ಕರ್ರ್ ಅಂತ ಬಂತು. ಹುಬ್ಬಿನ ಮೇಲೆ ಅಪ್ಪ ಸರಿಯಾಗಿದ್ದ. ಹುಬ್ಬಿನ ಕೆಳಗೆ ಪಡವಲಕಾಯಿ ಆಗಿದ್ದ.

ಈ ಸಲ ಟೀಚರೂ ರೇಗಿದರು. "ಎಳೀಬಾರದು ಕಣೋ! ಒಂದೊಂದು ಗೆರೆಯಾಗಿ ನಿಧಾನಕ್ಕೆ ಬರತ್ತೆ ಅದು! ಒಳಗೆ ಏನೇ ಸದ್ದಾಗ್ಲಿ, ಎಷ್ಟೇ ಹೊತ್ತಾಗ್ಲಿ, ತಾನಾಗೇ ಹೊರಗೆ ಬರೋವರೆಗೂ ನೀನು ಕೈ ಕಟ್ಕೊಂಡು ಸುಮ್ಮನೆ ಕೂತಿರಬೇಕು!"

"ಕೂತಿರ್ತೀನಿ ಮೇಡಮ್ಮಾರೇ."

ನಿಂಗಾಜಮ್ಮ ಹಿಟ್ಟಿನ ಗಿರಣಿಗೆ ಹೋದಳು. ಟೀಚರ್ ಕೈಯೆಲ್ಲ ಇಂಕು ಮೆತ್ತಿಕೊಂಡಿದ್ದರಿಂದ ತೊಳೆದುಕೊಂಡು ಹೋಗೋಣ ಅಂತ ಬಚ್ಚಲಿಗೆ ಹೋದರು. ಗಾಳಿಗೆ ಬಾಗಿಲು ಹಾಕಿಕೊಂಡಿತು. ಹೊರಗಿನ ಚಿಲಕ ತಾನಾಗೇ ಬಿತ್ತು. ಹಳೇ ಬಾಗಿಲು, ಒಳಗಿಂದ ತೆಗೆಯೋಕೆ ಬರದು.

"ಬೋರಲಿಂಗಾ! ಬಾಗಿಲು!"

ಬೋರಲಿಂಗ ಬಂದ. ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಕೈ ಕಟ್ಟಿಕೊಂಡ.

"ಬಂದ್ಯೇನಪ್ಪಾ? ಚಿಲಕ ತೆಗಿ!"

ಬೋರಲಿಂಗ ಸುಮ್ಮನೆ ಕೂತಿದ್ದ.

ಒಳಗೆ ದಬದಬ ಸದ್ದಾಯಿತು. ಏನೇ ಸದ್ದಾಗಲಿ ಅಂತ ಅವರೇ ಹೇಳಿದ್ದಾರಲ್ಲ! "ಲೋ, ಉಸಿರು ಕಟ್ತಾ ಇದೆ ಕಣೋ, ಹಂಡೆ ಹೊಗೆ!" ಅಂದರು. ಬೋರಲಿಂಗನಿಗೆ ಪಾಪ ಅನ್ನಿಸಿತು. ಎದ್ದು ತೆಗೆಯಲೇ ಅನ್ನಿಸಿತು. ಎದ್ದರೆ ಟೀಚರ್ ಮಾತು ಮೀರಿದ ಹಾಗಾಗುತ್ತೆ. ಇನ್ನೂ ಬಿಗಿಯಾಗಿ ಕೈ ಕಟ್ಟಿಕೊಂಡ.

"ನಿಧಾನಕ್ಕೆ ಬನ್ನಿ ಮೇಡಮ್ಮಾರೇ! ಒಂದೊಂದು ಗೆರೆಯಾಗಿ ಬನ್ನಿ!"

ನಿಂಗಾಜಮ್ಮ ಗಿರಣಿಯಿಂದ ಬಂದು ಚಿಲಕ ತೆಗೆದಾಗ ಟೀಚರ್ ಮುಖ ಕೆಂಪಾಗಿ, ಕನ್ನಡಕದ ಮೇಲೆ ಮಸಿ ಕೂತಿತ್ತು. ಒಂದು ಮಾತೂ ಆಡದೆ ನೆಟ್ಟಗೆ ಮನೆಗೆ ಹೋದರು. ಮಾತನ್ನೆಲ್ಲ ನಿಂಗಾಜಮ್ಮನೇ ಆಡಿದಳು.

"ನಿನಗೆ ಕಣ್ಣಿಲ್ವೇನ್ಲಾ? ಕಿವಿ ಇಲ್ವೇನ್ಲಾ? ಒಳಗಿಂದ ಯಾರಾದ್ರೂ ಬಡಿದ್ರೆ ಓಡೋಗಿ ತೆಗೀಬೇಕು! ಟಕ್ ಅಂದ್ರೆ ತೆಗೀಬೇಕು!"

"ಟಕ್ ಅಂದ್ರೆ ತೆಗೀಬೇಕು" ಅಂದ ಬೋರಲಿಂಗ. ಅಂದು, ತಲೆ ಕೆರೆದುಕೊಂಡ. ನಿಜ ಹೇಳಬೇಕು ಅಂದರೆ ಅವನಿಗೆ ಈಗ ದಿಕ್ಕು ತಪ್ಪಿತ್ತು. ಒಬ್ಬರು ಮುಟ್ಟು ಅನ್ನುತ್ತಾರೆ, ಒಬ್ಬರು ಮುಟ್ಟಬೇಡ. ಒಬ್ಬರು ಎಳಿ ಅನ್ನುತ್ತಾರೆ, ಒಬ್ಬರು ಎಳೀಬೇಡ. ಎಲ್ಲಾ ಕೇಳಿದರೂ ಎಲ್ಲಾ ತಪ್ಪು. ಅಪ್ಪ ಇದ್ದಿದ್ದರೆ ಬಿಡಿಸಿ ಹೇಳುತ್ತಿದ್ದ.

ಗುರುವಾರ ಮೂರನೇ ಹಾಳೆ. ಕೈ ಕಟ್ಟಿಕೊಂಡು ಕೂತ. ತಲೆ ಬಂತು, ಹಣೆ ಬಂತು. ಅಷ್ಟರಲ್ಲಿ ಪ್ರಿಂಟರ್ ಒಳಗಿಂದ ಟಕ್ ಅಂದಿತು. ಬೋರಲಿಂಗ ಕಿವಿ ನಿಮಿರಿಸಿದ. ಟಕ್ ಟಕ್! ಒಳಗಿಂದ ಯಾರೋ ಬಡೀತಾವ್ರೆ! ಯಾರು? ಒಳಗೆ ಇರೋದು ಯಾರು? ಅಪ್ಪ!

"ಬಂದೆ ಅಪ್ಪಾ! ತೆಗೀತೀನಿ ಇರು!"

ಮುಚ್ಚಳ ಎತ್ತಿದ. ಪ್ರಿಂಟರ್ ಕುಂಯ್ ಅಂತ ನಿಂತಿತು. ಒಳಗೆ ಬಗ್ಗಿ ನೋಡಿದ. ಕರೀ ಪೆಟ್ಟಿಗೆ, ಸಣ್ಣ ಸಣ್ಣ ಚಕ್ರ, ಒಂದು ವೈರು. ಅಷ್ಟೇ. ಬೆರಳು ಹಾಕಿ ಅಲ್ಲಾಡಿಸಿದ, ಒಂದೊಂದು ಮೂಲೆಯನ್ನೂ ನೋಡಿದ. ಅಪ್ಪ ಇರಲಿಲ್ಲ. ಹಾಳೆಯಲ್ಲಿ ಹಣೆಯ ತನಕ ಬಂದು ನಿಂತುಹೋಗಿತ್ತು.

ನಿಂಗಾಜಮ್ಮ ಬಂದಾಗ ಮಗ ಮುಚ್ಚಳ ಎತ್ತಿ ಹಿಡಿದುಕೊಂಡು ಕೂತೇ ಇದ್ದ. "ಅವ್ವಾ, ಬಡಿದ ಕಣವ್ವಾ. ನಾನು ಟಕ್ ಅಂದ ಕೂಡ್ಲೇ ತೆಗೆದೆ. ಆದ್ರೂ ಹೋಗ್ಬುಟ್ಟಿದ್ದ" ಅಂದ.

ನಿಂಗಾಜಮ್ಮ ಅವನ ಕೈಯಿಂದ ಮುಚ್ಚಳ ಬಿಡಿಸಿ ಮುಚ್ಚಿದಳು. ಅವತ್ತು ಬೈಯಲಿಲ್ಲ. ಒಂದು ಲೋಟ ಕಾಫಿ ಕೊಟ್ಟಳು. ಎದುರುಮನೆಗೆ ಹೋಗಿ ಟೀಚರ್ ಕೈಕಾಲು ಹಿಡಿದು ಮತ್ತೆ ಕರೆತಂದಳು.

ಟೀಚರ್ ನಾಲ್ಕನೇ ಹಾಳೆ ತಾವೇ ಹಾಕಿದರು. ಮುಖದ ತುಂಬ ಬಿಳಿ ಗೆರೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ. "ನೋಡು, ಬೆರಳು ಹಾಕಿದ್ದಕ್ಕೆ ಹೀಗಾಗಿದೆ. ಇದಕ್ಕೆ ಹೆಡ್ ಕ್ಲೀನ್ ಮಾಡಬೇಕು. ಒಂದು ಸಲಕ್ಕೆ ಹೋಗದಿದ್ರೆ ಎರಡು ಸಲ ಮಾಡಬೇಕು. ಆಮೇಲೆ ಹೊಸ ಹಾಳೆ ಹಾಕು. ಹೆಡ್ ಕ್ಲೀನ್ ಮಾಡದೆ ಒಂದೂ ಹಾಳೆ ಹಾಕಬೇಡ!" ಅಂದು ಶಾಲೆಗೆ ಹೊತ್ತಾಯಿತು ಅಂತ ಹೊರಟರು.

ಮಧ್ಯಾಹ್ನ ನಿಂಗಾಜಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿ ನೋಡಿದಳು. ಮೊರ ಕೈಯಿಂದ ಜಾರಿತು. ಮಗನ ತಲೆ ತಾಮ್ರದ ಚೊಂಬಿನ ಹಾಗೆ ಮಿಂಚುತ್ತಿತ್ತು. ಒಂದು ಕೂದಲಿಲ್ಲ!

"ಅಯ್ಯಯ್ಯೋ! ಯಾರ್ ಹೋದ್ರೋ? ನನ್ ತಮ್ಮನೇನೋ? ಹೇಳ್ಲಾ, ಯಾರ್ ಹೋದ್ರು?"

"ಯಾರೂ ಹೋಗಿಲ್ವಲ್ಲವ್ವಾ."

"ಮತ್ಯಾಕ್ಲಾ ತಲೆ ಬೋಳ್ಸಿದೀಯಾ?"

"ಹೆಡ್ ಕ್ಲೀನ್ ಮಾಡ್ದೆ ಕಣವ್ವಾ. ಎರಡು ಸಲ ಮಾಡಿಸ್ದೆ. ಮೊದಲ್ನೇ ಸಲ ಅಲ್ಲಲ್ಲಿ ಉಳಿದಿತ್ತು. ಈಗ ಹಾಳೆ ಹಾಕ್ಲಾ?"

ಬೀದಿಯವರು ಅಳು ಕೇಳಿ ಓಡಿಬಂದಿದ್ದರು. ನಿಂಗಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅವರನ್ನೆಲ್ಲ ಕಳಿಸಿದಳು. ಸಾಯಂಕಾಲ ಟೀಚರ್ ಬಂದು, ಆ ಬೋಳುತಲೆ ನೋಡಿ, ಪ್ರಿಂಟರ್ ಮುಂದೆ ಕೂತರು. ಮೊಬೈಲಿನಲ್ಲಿ ಏನೋ ಒತ್ತಿದರು. ಪ್ರಿಂಟರ್ ತನ್ನಷ್ಟಕ್ಕೆ ತಾನು ಗೊರಗೊರ ಅಂತ ಇಂಕು ಉಗುಳುವ ಮೂತಿ, ಅದೇ ಅದರ ಹೆಡ್ಡು, ತೊಳೆದುಕೊಂಡಿತು. ಮಾಮೂಲಿ ಹಾಳೆ ಹಾಕಿ ನೋಡಿದರು, ಗೆರೆ ಹೋಗಿತ್ತು.

"ಮಿಷನ್ ಸರಿ ಆಯ್ತು ನಿಂಗಾಜಮ್ಮ. ಆದ್ರೆ ಈ ಫೋಟೋನೇ ಸರಿಯಿಲ್ಲ. ಯಾರೋ ಕತ್ತರಿಸಿ, ಇನ್ಯಾರಿಗೋ ಕಳಿಸಿ, ಮೊಬೈಲಿಂದ ಮೊಬೈಲಿಗೆ ಓಡಾಡಿ ಸವೆದುಹೋಗಿದೆ. ಸಣ್ಣದನ್ನ ಹಿಗ್ಗಿಸಿದ್ರೆ ಮಸುಕೇ ಆಗೋದು. ಮೊದಲು ತೆಗೆದ ಫೋಟೋ ಯಾರ ಹತ್ರ ಇದೆ?"

ಇದ್ದದ್ದು ಬೆಟ್ಟಸ್ವಾಮಿಯ ಹತ್ತಿರ. ಅವನ ಮನೆ ಗೃಹಪ್ರವೇಶದಲ್ಲಿ ತೆಗೆದದ್ದು. ನಿಂಗಾಜಮ್ಮ ತಮ್ಮನಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿ ಅತ್ತಳು. ಆ ಕಡೆಯಿಂದ ಬೆಟ್ಟಸ್ವಾಮಿ, "ಆಯ್ತು ಬಿಡಕ್ಕಾ, ಕಳಿಸ್ತೀನಿ" ಅಂದ. ಕಳಿಸಿದ. ದೊಡ್ಡ ಫೋಟೋ, ಆರು ಜನ ಸಾಲಾಗಿ ನಿಂತಿದ್ದಾರೆ. ನಡುವೆ ಬಿಸಿಲಲ್ಲಿ ಬೆಟ್ಟಸ್ವಾಮಿ, ರೇಷ್ಮೆ ಪಂಚೆ ಉಟ್ಟು, ಮೂವತ್ತೆರಡು ಹಲ್ಲೂ ಬಿಟ್ಟಿದ್ದಾನೆ. ತುದಿಯಲ್ಲಿ, ಚಪ್ಪರದ ನೆರಳಲ್ಲಿ ಅರ್ಧ ತಿರುಗಿಕೊಂಡು, ಇನ್ನೇನು ಜಾರಿಕೊಳ್ಳಬೇಕು ಅನ್ನುವ ಹಾಗೆ ಚಿಕ್ಕಲಿಂಗಯ್ಯ.

ಶನಿವಾರ ಟೀಚರ್ ಊರಿಗೆ ಹೋಗುವವರಿದ್ದರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಹೇಳಿದರು, "ಬೋರಲಿಂಗಾ, ಕೇಳು. ಗುಂಪಲ್ಲಿ ಹಾಕಬೇಡ. ಒಬ್ಬರೇ ಬರೋ ಹಾಗೆ ಎರಡು ಬೆರಳಲ್ಲಿ ಹಿಗ್ಗಿಸ್ಕೊಂಡು, ಕತ್ತರಿಸ್ಕೊಂಡು ಹಾಕು. ಒಂದು ಹಾಳೇಲಿ ಒಬ್ಬರು. ಅಪ್ಪ ನೆರಳಲ್ಲಿದಾರೆ, ಬೆಳಕು ಹೆಚ್ಚು ಮಾಡ್ಕೋ. ಒಳ್ಳೇ ಕ್ವಾಲಿಟಿ ಅಂತ ನಾನು ಒತ್ತಿಟ್ಟಿದೀನಿ, ಅದನ್ನ ಮುಟ್ಟಬೇಡ. ಆರು ಹಾಳೆ ಉಳಿದಿದೆ, ಜೋಪಾನ!"

ಬಸ್ ಬಂತು, ಹೋದರು.

ಬೋರಲಿಂಗ ಕೂತು ಯೋಚನೆ ಮಾಡಿದ. ಒಂದು ಹಾಳೇಲಿ ಒಬ್ಬರು. ಫೋಟೋದಲ್ಲಿ ಎಷ್ಟು ಜನ? ಆರು. ಹಾಳೆ ಎಷ್ಟು? ಆರು. ಆಹಾ! ಮೇಡಮ್ಮಾರು ಎಷ್ಟು ಲೆಕ್ಕ ಹಾಕಿ ಹೇಳವ್ರೆ! ಬೆಳಕು ಹೆಚ್ಚು ಮಾಡೋಕೆ ಅಂತ ಕಿಟಕಿ ಬಾಗಿಲೆಲ್ಲ ತೆರೆದ, ಎಲ್ಲ ಬಲ್ಬು ಹಾಕಿದ, ಟಾರ್ಚನ್ನು ಪ್ರಿಂಟರ್ ಮುಖಕ್ಕೆ ಬಿಟ್ಟ. ಒಬ್ಬೊಬ್ಬರನ್ನೇ ಹಿಗ್ಗಿಸಿದ, ಕತ್ತರಿಸಿದ, ಒತ್ತಿದ. ಎಳೆಯಲಿಲ್ಲ. ಮುಟ್ಟಲಿಲ್ಲ. ಟಕ್ ಅಂದರೂ ತೆಗೆಯಲಿಲ್ಲ. ಒಂದೂ ತಪ್ಪು ಮಾಡಲಿಲ್ಲ, ಪುಣ್ಯಾತ್ಮ! ಆರೂ ಹಾಳೆ ಚಾಪೆಯ ಮೇಲೆ ಹರಡಿ ಫ್ಯಾನಿಲ್ಲದೆ, ಬಿಸಿಲಿಲ್ಲದೆ ಒಣಗಿಸಿದ.

ಭಾನುವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಹೊಗೆ, ಒಗ್ಗರಣೆ, ಗಲಾಟೆ. ನಿಂಗಾಜಮ್ಮನಿಗೆ ತಿರುಗಿ ನೋಡೋಕೂ ಬಿಡುವಿಲ್ಲ.

"ಅವ್ವಾ, ಫೋಟೋ ಒಣಗವೆ. ಯಾವ್ದು ಹಾಕ್ಲಿ?"

ತಾಯಿ ಅಂದುಕೊಂಡಳು, ಅಪ್ಪನದ್ದೇ ನಾಲ್ಕಾರು ಹಾಕಿದ್ದಾನೆ ಅಂತ. "ಇರೋದ್ರಲ್ಲಿ ಯಾವ್ದು ಚೆನ್ನಾಗಿ ಬಂದದೋ ಅದನ್ನ ಫ್ರೇಮಿಗೆ ಹಾಕ್ಲಾ! ಹಾರ ಹಾಕಿ, ಕುಂಕುಮ ಇಟ್ಟು, ದೀಪ ಹಚ್ಚು! ನನ್ನ ಕೇಳ್ಬ್ಯಾಡ!"

ಬೋರಲಿಂಗ ಆರನ್ನೂ ಸಾಲಾಗಿಟ್ಟು ನೋಡಿದ. ಅಪ್ಪನದ್ದು ಕಪ್ಪಗೆ ಬಂದಿತ್ತು, ಒಂದು ಕಣ್ಣು ಚಪ್ಪರದ ಕಂಬದ ಹಿಂದೆ. ಮಾವನದ್ದು ನೋಡಿದ. ಏನು ಹೊಳಪು! ಏನು ಬಣ್ಣ! ಹಲ್ಲು ಎಣಿಸಬಹುದು! ಮತ್ತೆ ಅಪ್ಪನದ್ದು ನೋಡಿದ. ಮತ್ತೆ ಮಾವನದ್ದು. ಯಾರ ತಿಥಿ ಅಂತ ಅವನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಅವ್ವ ಬಾಯಿ ಬಿಟ್ಟು ಹೇಳಿದ್ದಾಳೆ, ಚೆನ್ನಾಗಿ ಬಂದಿದ್ದನ್ನೇ ಹಾಕು ಅಂತ. ವಾರವೆಲ್ಲ ಒಂದಕ್ಕೆ ಹೇಳಿದ್ದನ್ನ ಇನ್ನೊಂದಕ್ಕೆ ಮಾಡಿ ಬೈಸಿಕೊಂಡಿದ್ದಾಯಿತು. ಇವತ್ತೊಂದು ದಿನ ಹೇಳಿದಷ್ಟೇ ಮಾಡೋಣ.

"ಬ್ಯಾಸರ ಮಾಡ್ಕೋಬ್ಯಾಡಪ್ಪಾ" ಅಂತ ಅಪ್ಪನ ಹಾಳೆಗೆ ಹೇಳಿ, ಮಡಿಸದೆ, ಮುಟ್ಟದ ಹಾಗೆ ತುದಿ ಹಿಡಿದು ಬೀರುವಿನ ಮೇಲಿಟ್ಟ. ಮಾವನನ್ನು ಫ್ರೇಮಿಗೆ ಹಾಕಿದ. ಗೋಡೆಗೆ ಒರಗಿಸಿ ದೊಡ್ಡ ಸೇವಂತಿಗೆ ಹಾರ ಹಾಕಿದ. ಹಣೆಗೆ ಕುಂಕುಮ ಇಟ್ಟ. ದೀಪ ಹಚ್ಚಿದ. ಊದುಬತ್ತಿ ಸಿಕ್ಕಿಸಿದ.

ನೆಂಟರು ಬಂದರು. ದೂರದ ಅತ್ತೆಯರು ಮುದುಕಿಯರು, ಕಣ್ಣು ಅಷ್ಟಕ್ಕಷ್ಟೇ. ಹೊಗೆ ಬೇರೆ. ಬಂದವರು ಬಂದ ಹಾಗೆ ಅಡ್ಡಬಿದ್ದರು. "ಎಂಥಾ ಮನ್ಸ! ಬದುಕಿದ್ದಾಗ ಹಿಂಗೆ ನಕ್ಕಿದ್ದನ್ನ ನಾವು ಕಾಣ್ಲಿಲ್ಲ" ಅಂತ ಮೂಗು ಒರೆಸಿಕೊಂಡರು. ನಿಂಗಾಜಮ್ಮ ಎಡೆಯ ಎಲೆ ಹಿಡಿದು, ತಲೆ ತಗ್ಗಿಸಿ ಬಂದು, ಎಲೆ ಇಟ್ಟು, ಕೈ ಮುಗಿದು, ತಲೆ ಎತ್ತಿದಳು.

ಅಷ್ಟು ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬೆಟ್ಟಸ್ವಾಮಿ ನಿಂತಿದ್ದ. ಕಂಕುಳಲ್ಲಿ ಪೇಪರ್ ಸುತ್ತಿದ ಏನೋ ಒಂದು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಗೋಡೆಯ ಹತ್ತಿರ ತಾನೇ ಹಾರ ಹಾಕಿಸಿಕೊಂಡು ಹಲ್ಲು ಬಿಡುತ್ತಿರುವುದನ್ನು ನೋಡಿದ. ತನ್ನ ಮುಂದೆ ನೆಂಟರೆಲ್ಲ ಅಳುತ್ತಿರುವುದನ್ನು ನೋಡಿದ.

"ಅಕ್ಕಾ!" ಅಂದ.

ಮುದುಕಿಯೊಬ್ಬಳು ತಿರುಗಿ ನೋಡಿ ಕಿಟಾರನೆ ಕಿರುಚಿದಳು. ಇನ್ನೊಬ್ಬಳು ರಾಮ ರಾಮ ಅನ್ನುತ್ತಾ ಕಂಬ ಹಿಡಿದುಕೊಂಡಳು. ನಿಂಗಾಜಮ್ಮ ಫೋಟೋ ನೋಡಿದಳು, ತಮ್ಮನನ್ನು ನೋಡಿದಳು, ಬೋಳುತಲೆಯ ಮಗನನ್ನು ನೋಡಿದಳು.

"ಬೋರಾ! ಏನ್ಲಾ ಇದು!"

"ಇದೇ ಚೆನ್ನಾಗಿ ಬಂದಿತ್ತು ಕಣವ್ವಾ."

ಬೆಟ್ಟಸ್ವಾಮಿ ಕಂಕುಳಲ್ಲಿದ್ದದ್ದನ್ನು ಅಕ್ಕನ ಕೈಗೆ ಕೊಟ್ಟ. ಇವನ ಸಂಗತಿ ಫೋನಿನಲ್ಲಿ ಕೇಳಿದವನು ತಾನೇ ತನ್ನೂರಿನ ಸ್ಟುಡಿಯೋದಲ್ಲಿ ಮಾಡಿಸಿ ತಂದಿದ್ದ. ನಿಂಗಾಜಮ್ಮ ಪೇಪರ್ ಬಿಚ್ಚಿದಳು. ಚಿಕ್ಕಲಿಂಗಯ್ಯ! ನೆರಳು ತೆಗೆಸಿ, ಕಂಬ ತೆಗೆಸಿ, ನೆಟ್ಟಗೆ ಕೂರಿಸಿದ್ದರು. ಅವಳು ಗಂಡನ ಮುಖ ನೋಡಿದಳು. ನೋಡುತ್ತಾ ನೋಡುತ್ತಾ ಅಳಬೇಕಾದವಳಿಗೆ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ವರ್ಷದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಬೆಟ್ಟಸ್ವಾಮಿಗೆ ಮಾತ್ರ ನಗು ಬರಲಿಲ್ಲ. ಅಳಿಯನ ಮುಂದೆ ಹೋಗಿ ಎದೆ ಬಡಿದುಕೊಂಡು ಕೂಗಿದ, "ಲೇ! ನನ್ನ ನೋಡ್ಲಾ! ನಾನು ಇಲ್ಲೇ ಎದುರಿಗೆ ಗುಂಡುಕಲ್ಲಿನಂಗೆ ನಿಂತಿಲ್ವೇನ್ಲಾ? ನಾನೇ ಇಲ್ಲಿರೋವಾಗ ಆ ಫೋಟೋಗ್ಯಾಕ್ಲಾ ಹಾರ? ಆ ಫೋಟೋಗ್ಯಾಕ್ಲಾ ಕುಂಕುಮ?"

ಬೋರಲಿಂಗ ಮಾವನನ್ನು ನೋಡಿದ. ಫೋಟೋ ನೋಡಿದ. ಮುಖ ಅರಳಿತು. ಹೌದಲ್ಲ! ಅಪ್ಪ ಬಿಡಿಸಿ ಹೇಳುತ್ತಿದ್ದ ಹಾಗೆಯೇ ಮಾವ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ!

"ತಪ್ಪಾಯ್ತು ಮಾವಾ!" ಅಂದ. ಫೋಟೋದಿಂದ ಹಾರ ತೆಗೆದ. ಮಾವನ ಕೊರಳಿಗೆ ಹಾಕಿದ. ಬೆರಳಿಗೆ ಕುಂಕುಮ ಮೆತ್ತಿಕೊಂಡು ಹಣೆಯ ಉದ್ದಕ್ಕೂ ಬಳಿದ. ಎರಡೂ ಹೆಗಲು ಹಿಡಿದು ದೀಪದ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ. ಎಡೆಯ ಎಲೆಯನ್ನು ಮಾವನ ಕಾಲ ಬುಡಕ್ಕೆ ಸರಿಸಿದ. ಉದ್ದಕ್ಕೆ ಅಡ್ಡಬಿದ್ದ. ಎದ್ದ.

"ಅಲ್ಲಾಡ್ಬ್ಯಾಡ ಮಾವಾ, ಇನ್ನೊಂದು ಚೂರು ಉಳೀತು!" ಅಂದವನೇ, ಎಲೆಯಿಂದ ಒಂದು ತುತ್ತು ಎತ್ತಿಕೊಂಡು ಅಂಗಳಕ್ಕೆ ಓಡಿ, ಬೋಳುತಲೆ ಆಕಾಶಕ್ಕೆ ಎತ್ತಿ, ಮಾವನ ಹೆಸರು ಹಿಡಿದು ಕಾಗೆ ಕರೆಯತೊಡಗಿದ.

"ಕಾ! ಕಾ! ಬೆಟ್ಟಸ್ವಾಮಿ ಮಾವಾ, ಬಾರೋ! ಕಾ! ಕಾ!"